ಚಿರತೆಯ ಮುಖದೊಳಗೆ ಒಂದಿಷ್ಟು ಗಾಳಿ

ಈ ಸಲದ ನಾಟಕದಲ್ಲಿ ಮಗಳಿಗೆ ಚಿರತೆಯ ಪಾರ್ಟು ಸಿಕ್ಕಿತು. ಮುಂಬೈಯ ಗೋರೆಗಾಂವಿನಲ್ಲಿರುವ ನಾವೊಂದಿಷ್ಟು ಕನ್ನಡದ ಮನೆಯವರು ಸೇರಿ ಪ್ರತಿ ನವೆಂಬರಿಗೆ ಮಕ್ಕಳಿಂದ ಸಣ್ಣ ನಾಟಕ ಮಾಡಿಸುತ್ತೇವೆ. ಈ ವರ್ಷದ ಕಥೆ ನಮ್ಮ ಬೀದಿಯದ್ದೇ. ಪಕ್ಕದ ಕಾಡಿನ, ಆರೆ ಕಾಲೊನಿ ಕಡೆಯಿಂದ ಒಂದು ಚಿರತೆ ರಾತ್ರಿ ಸೊಸೈಟಿಯ ಗೋಡೆ ಹಾರಿ ಒಳಗೆ ಬರುತ್ತದೆ. ದೊಡ್ಡವರು ತಟ್ಟೆ ಬಡಿದು ಗಲಾಟೆ ಎಬ್ಬಿಸುತ್ತಾರೆ. ಮಕ್ಕಳು ಮಾತ್ರ ಅದನ್ನು ಮಾತಾಡಿಸುತ್ತಾರೆ. ಆಗ ಚಿರತೆ ತನ್ನ ಕಥೆ ಹೇಳುತ್ತದೆ. ಸುಮಾರು ಒಂದೂವರೆ ನಿಮಿಷದ ಮಾತು.

ಮಗಳಿಗೆ ಒಂಬತ್ತು ವರ್ಷ. ಕನ್ನಡ ಅವಳಿಗೆ ಮನೆಯ ಮಾತು, ಊಟದ ಮಾತು, ಊರಿಗೆ ಫೋನ್ ಮಾಡಿದಾಗಿನ ಮಾತು. ಇಷ್ಟು ಉದ್ದದ ಕನ್ನಡವನ್ನು ನಾಲ್ಕು ಜನರ ಮುಂದೆ ನಿಂತು ಅವಳು ಯಾವತ್ತೂ ಹೇಳಿದವಳಲ್ಲ. 'ಒಂದು ಗುಟುಕು ನೀರು ಕೊಡಿ' ಅನ್ನುವ ಕಡೆ 'ಕೋಡಿ' ಅನ್ನುತ್ತಿದ್ದಳು. ಹಿಂದಿಯಲ್ಲಿ, ಮರಾಠಿಯಲ್ಲಿ ನಮ್ಮ ಹಾಗೆ ಒ, ಓ ಎರಡು ಬೇರೆ ಬೇರೆ ಇಲ್ಲ ಅಲ್ವಾ? ಶಾಲೆಯಲ್ಲಿ ಇಡೀ ದಿನ ಅದೇ ಭಾಷೆಗಳ ನಡುವೆ ಇರುವ ಮಗುವಿನ ನಾಲಿಗೆ ಓ ಕಡೆಗೇ ಜಾರುತ್ತದೆ. ದಿನಾ ರಾತ್ರಿ ಪಾತ್ರೆ ತೊಳೆಯುವಾಗ ನಾನು 'ಕೊಡಿ' ಅನ್ನುತ್ತಿದ್ದೆ, ಅವಳು 'ಕೊಡಿ' ಅನ್ನುತ್ತಿದ್ದಳು. ಒಂದು ವಾರ ಹೀಗೇ ನಡೆಯಿತು. ಕೊನೆಗೆ ಬಂತು. ಬಂದ ದಿನ ಅವಳ ಮುಖದಲ್ಲಿದ್ದ ಖುಷಿ ನೋಡಬೇಕಿತ್ತು.

ಆಮೇಲೆ ಅವಳ ಬೇಡಿಕೆ ಬಂತು. "ಅಮ್ಮಾ, ಮುಖಕ್ಕೆ ಬಣ್ಣ ಬೇಡ. ನಂಗೆ ನಿಜವಾದ ಚಿರತೆ ತಲೆ ಬೇಕು."

ಬಾಡಿಗೆ ಡ್ರೆಸ್ಸಿನ ಅಂಗಡಿಗೆ ಹೋಗಿ ನೋಡಿದೆವು. ಅಲ್ಲಿ ಚಿರತೆ ಅಂತ ತೋರಿಸಿದ್ದಕ್ಕೆ ಪಟ್ಟೆಗಳಿದ್ದವು. ಮಗಳು ನನ್ನ ಕೈ ಜಗ್ಗಿ, "ಇದು ಹುಲಿ" ಅಂದಳು. ಮನೆಗೆ ಬರುವ ದಾರಿಯಲ್ಲಿ ನಾನೇ ಮಾಡಿಕೊಡುತ್ತೇನೆ ಅಂತ ಮಾತು ಕೊಟ್ಟೆ. ಫೋಮ್ ಶೀಟಿನಿಂದ ಮುಖವಾಡ ಮಾಡುವುದನ್ನು ನಾನು ವಿಡಿಯೋಗಳಲ್ಲಿ ನೋಡಿದ್ದೆ. ಸಿನಿಮಾ ಪಾತ್ರಗಳ ವೇಷ ಹಾಕುವ ಹುಡುಗರು ಕವಚ, ಶಿರಸ್ತ್ರಾಣ ಎಲ್ಲ ಅದರಲ್ಲೇ ಮಾಡುತ್ತಾರೆ. ಹಗುರ, ಬಾಗುತ್ತದೆ, ಮಗುವಿಗೆ ಚುಚ್ಚುವುದಿಲ್ಲ.

ಮೊದಲ ಸಲ ತಂದ ಫೋಮೇ ತಪ್ಪಾಗಿತ್ತು. ಪ್ಯಾಕಿಂಗ್ ಸಾಮಾನಿನ ಅಂಗಡಿಯೊಂದರಲ್ಲಿ ಕೇಳಿದೆ. ಇದೇ, ಎಲ್ಲರೂ ಇದನ್ನೇ ಒಯ್ಯುವುದು ಅಂತ ಬಿಳಿ ಹಾಳೆ ಸುತ್ತಿ ಕೊಟ್ಟರು. ಮನೆಗೆ ತಂದು ಹೀಟ್ ಗನ್ನಿನ ಬಿಸಿ ಗಾಳಿ ಹಿಡಿದೆ. ಬಾಗುವ ಬದಲು ಸುಟ್ಟ ಹಪ್ಪಳದ ಹಾಗೆ ಮುದುಡಿ, ನಡುವೆ ತೂತು ಬಿತ್ತು. ಅದು ಟಿವಿ, ಫ್ರಿಜ್ಜಿನ ಡಬ್ಬದೊಳಗೆ ಇಡುವ ಪಾಲಿಎಥಿಲೀನ್ ಫೋಮ್. ನಮಗೆ ಬೇಕಾದದ್ದು ಇವಿಎ, ಅಂದರೆ ಎಥಿಲೀನ್ ವಿನೈಲ್ ಅಸಿಟೇಟ್. ಗುರುತು ಹಿಡಿಯುವುದು ಸುಲಭ. ಪ್ಯಾಕಿಂಗ್ ಫೋಮಿನಲ್ಲಿ ಗುಳ್ಳೆಗಳು ಕಣ್ಣಿಗೆ ಕಾಣುತ್ತವೆ, ಹಿಸುಕಿದರೆ ಕರಕರ ಅನ್ನುತ್ತದೆ. ಇವಿಎ ರಬ್ಬರಿನ ಹಾಗೆ ನುಣ್ಣಗೆ. ಉಗುರಿನಿಂದ ಒತ್ತಿ ಬಿಟ್ಟರೆ ಮತ್ತೆ ಮೇಲೆ ಬರುತ್ತದೆ. ನಮ್ಮ ಬಾತ್‌ರೂಮ್ ಚಪ್ಪಲಿಯ ಅಟ್ಟೆ ಎಷ್ಟೋ ಸಲ ಅದೇ. ಪುಟ್ಟ ಮಕ್ಕಳು ಕೂತು ಆಡಲು ಹಾಸುವ, ಒಂದಕ್ಕೊಂದು ಜೋಡಿಸುವ ಬಣ್ಣದ ಚಾಪೆಯೂ ಅದೇ.

ಚಪ್ಪಲಿ ಅಂದಕೂಡಲೇ ಎಲ್ಲಿಗೆ ಹೋಗಬೇಕು ಅಂತ ನನ್ನ ಗಂಡನಿಗೆ ಹೊಳೆಯಿತು. ಅವರು ಮುಂಬೈಯಲ್ಲೇ ಹುಟ್ಟಿ ಬೆಳೆದವರು. ಮಾಟುಂಗಾದಲ್ಲಿ 1926ರಿಂದ ಇರುವ ಮೈಸೂರು ಅಸೋಸಿಯೇಶನ್ನಿನಲ್ಲಿ ಕನ್ನಡ ನಾಟಕ ನೋಡಿಕೊಂಡು ದೊಡ್ಡವರಾದವರು. ಊರಿನ ಮೂಲೆ ಮೂಲೆ ಗೊತ್ತು. "ಠಕ್ಕರ್ ಬಾಪ್ಪಾ ಕಾಲೊನಿಗೆ ಹೋಗೋಣ" ಅಂದರು. ಗೋರೆಗಾಂವಿನಿಂದ ಹಾರ್ಬರ್ ಲೈನಿನಲ್ಲಿ ವಡಾಳಾಕ್ಕೆ ಹೋಗಿ, ಅಲ್ಲಿ ಗಾಡಿ ಬದಲಿಸಿ ಚೆಂಬೂರಿನಲ್ಲಿ ಇಳಿದು ಆಟೋ ಹಿಡಿದೆವು. ಚಪ್ಪಲಿ ಮಾಡುವವರದ್ದೇ ಗಲ್ಲಿಗಳು. ಒಂದು ಮನೆಯಲ್ಲಿ ಅಟ್ಟೆ ಕತ್ತರಿಸುತ್ತಿದ್ದರೆ ಪಕ್ಕದಲ್ಲಿ ಅಂಟಿಸುತ್ತಿರುತ್ತಾರೆ. ಗಾಳಿಯಲ್ಲೇ ಸೊಲ್ಯೂಷನ್ನಿನ, ಅಂದರೆ ಚಪ್ಪಲಿ ಅಂಟಿನ ವಾಸನೆ. ಅಲ್ಲಿನ ಒಬ್ಬ ಹಿರಿಯರು ನಾನು ಕೇಳಿದ್ದನ್ನು ಪೂರ್ತಿ ಕೇಳಿಸಿಕೊಂಡರು. ಮಗುವಿನ ತಲೆಗೆ ಅಂದ ಮೇಲೆ ಗಟ್ಟಿ ಹಾಳೆ ಪಕ್ಕಕ್ಕಿಟ್ಟು ಮೆತ್ತನೆಯದನ್ನು ಹುಡುಕಿ ತೆಗೆದರು. 5 ಮಿ.ಮೀ. ದಪ್ಪದ್ದು ತಲೆಗೆ, 2 ಮಿ.ಮೀ. ದಪ್ಪದ್ದು ಹುಬ್ಬು, ಮೂಗು, ಕಿವಿಯ ಅಂಚಿಗೆ. ಸೊಲ್ಯೂಷನ್ ಹಚ್ಚುವುದು ಹೇಗೆ ಅಂತಲೂ ತೋರಿಸಿದರು. ಎರಡೂ ಕಡೆ ತೆಳ್ಳಗೆ ಹಚ್ಚು, ಹತ್ತು ನಿಮಿಷ ಬಿಡು, ಬೆರಳಿಟ್ಟರೆ ಅಂಟಬಾರದು, ಆಮೇಲೆ ಕೂಡಿಸು. ಒದ್ದೆ ಇರುವಾಗ ಕೂಡಿಸಿದರೆ ಬಿಟ್ಟುಕೊಳ್ಳುತ್ತದೆ. ಒಣಗಿದ ಮೇಲೆ ಕೂಡಿಸಿದರೆ ಮತ್ತೆ ಬಿಡಿಸಲು ಆಗುವುದಿಲ್ಲ. ಇಷ್ಟು ದಿನ ನೋಡಿದ್ದ ವಿಡಿಯೋಗಳಿಗಿಂತ ಅವರ ಆ ಎರಡು ನಿಮಿಷವೇ ನನಗೆ ಜಾಸ್ತಿ ಉಪಯೋಗಕ್ಕೆ ಬಂತು.

ಒಂದು ಮಾತು ಹೇಳಿಬಿಡುತ್ತೇನೆ. ಆ ಅಂಟಿನ ಹಬೆ ಒಳ್ಳೆಯದಲ್ಲ. ಬಾಲ್ಕನಿಯ ಬಾಗಿಲು ತೆಗೆದು, ಫ್ಯಾನ್ ಹಾಕಿ, ಮಗು ಶಾಲೆಗೆ ಹೋದಾಗ ಮಾತ್ರ ನಾನು ಡಬ್ಬದ ಮುಚ್ಚಳ ತೆಗೆಯುತ್ತಿದ್ದೆ. ಗ್ಯಾಸ್ ಒಲೆಯ ಹತ್ತಿರವಂತೂ ತರಲೇಬೇಡಿ. ಬೇಗ ಹೊತ್ತಿಕೊಳ್ಳುತ್ತದೆ.

ಅಳತೆ ತೆಗೆಯುವುದು ನನಗೆ ತುಂಬಾ ಇಷ್ಟವಾದ ಕೆಲಸ. ಮಗಳ ತಲೆಯ ಸುತ್ತಳತೆ 52 ಸೆಂ.ಮೀ. ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಹಣೆಯಿಂದ ಹಿಂದಕ್ಕೆ ತೆಳು ಪ್ಲಾಸ್ಟಿಕ್ ಸುತ್ತಿದೆ. ಮೂಗು ಬಾಯಿ ಪೂರ್ತಿ ಬಿಟ್ಟು. ಅದರ ಮೇಲೆ ಕಾಗದದ ಟೇಪು ಅಂಟಿಸುತ್ತಾ ಹೋದೆ. ಟೋಪಿಯ ಹಾಗೆ ಒಂದು ಚಿಪ್ಪು ಆಯಿತು. ಅದರ ಮೇಲೆ ಸ್ಕೆಚ್ ಪೆನ್ನಿನಲ್ಲಿ ನಡುಗೆರೆ ಎಳೆದೆ, ಕಣ್ಣು, ಕಿವಿಯ ಜಾಗ ಗುರುತು ಮಾಡಿದೆ. ಆಮೇಲೆ ನಿಧಾನಕ್ಕೆ ತೆಗೆದು, ಗೆರೆಯ ಮೇಲೆ ಕತ್ತರಿಸಿ, ಮೇಜಿನ ಮೇಲೆ ಚಪ್ಪಟೆ ಮಾಡಿದೆ. ದುಂಡಗಿನ ತಲೆ ಚಪ್ಪಟೆಯಾಗಲು ಒಪ್ಪುವುದಿಲ್ಲ. ಎಲ್ಲಿ ಉಬ್ಬಿ ನಿಲ್ಲುತ್ತದೋ ಅಲ್ಲಿ ಕತ್ತರಿ ಹಾಕಬೇಕು. ಕತ್ತರಿಸಿದ ಕಡೆ ಹಾಳೆ ಬಾಯಿ ಬಿಟ್ಟು, ಒಂದು ಸಣ್ಣ ತ್ರಿಕೋನ ಕಾಣುತ್ತದೆ. ಬ್ಲೌಸ್ ಹೊಲಿದು ಗೊತ್ತಿರುವವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಟಕ್ಸ್! ನನ್ನ ಅಮ್ಮ ಊರಲ್ಲಿ ಹೊಲಿಗೆ ಮಾಡುತ್ತಿದ್ದರು. ಬಟ್ಟೆಯನ್ನು ಚಿವುಟಿ ಹಿಡಿದಲ್ಲೇ ಉಬ್ಬು ಹುಟ್ಟುತ್ತದೆ ಅಂತ ಅವರು ಹೇಳಿದ್ದು ಫೋಮಿಗೂ ಹೊಂದಿತು. ಆ ತ್ರಿಕೋನವನ್ನು ಕತ್ತರಿಸಿ ತೆಗೆದು ಎರಡು ಅಂಚು ಕೂಡಿಸಿದರೆ, ಚಪ್ಪಟೆ ಹಾಳೆ ತಾನಾಗಿ ಕೆನ್ನೆಯಾಗುತ್ತದೆ. ಅರ್ಧ ಮುಖದ ಅಚ್ಚು ಮಾತ್ರ ಮಾಡಿ, ಅದನ್ನೇ ಮಗುಚಿ ಇನ್ನೊಂದು ಅರ್ಧ ಕತ್ತರಿಸಬೇಕು. ಆಗ ಎಡ ಬಲ ಒಂದೇ ಥರ ಬರುತ್ತದೆ. ಅಂಚಿನಲ್ಲಿ ಅಲ್ಲಲ್ಲಿ ಅಡ್ಡ ಗೀಟು ಹಾಕಿಟ್ಟುಕೊಂಡರೆ ಯಾವುದಕ್ಕೆ ಯಾವುದು ಕೂಡಬೇಕು ಅನ್ನುವ ಗೊಂದಲ ಇಲ್ಲ.

ಕಟ್ಟರ್ ಬಗ್ಗೆ ಎರಡು ಮಾತು ಸಾಕು. ಬ್ಲೇಡು ಹೊಸದಿರಬೇಕು, ನೇರ ನಿಲ್ಲಬೇಕು. ಗರಗಸದ ಹಾಗೆ ಆಡಿಸದೆ ಒಂದೇ ಎಳೆತದಲ್ಲಿ ಎಳೆಯಬೇಕು. ಫೋಮ್ ಬ್ಲೇಡನ್ನು ಬೇಗ ಮೊಂಡು ಮಾಡುತ್ತದೆ. ಮೊಂಡಾದರೆ ಅಂಚು ಹರಿದು ಇಲಿ ಕಡಿದ ಹಾಗೆ ಕಾಣುತ್ತದೆ.

ಮೊದಲ ತಲೆಗೆ ನಾಲ್ಕು ಸಂಜೆ ಹಿಡಿಯಿತು. ಪೂರ್ತಿ ಮುಖ ಮುಚ್ಚುವಂಥದ್ದು, ಹಣೆಯಿಂದ ಗಲ್ಲದವರೆಗೆ. ಬಿಸಿ ಗಾಳಿ ಹಿಡಿದಾಗ ಮಂಕಾದ ಮೈ ಸ್ವಲ್ಪ ಹೊಳೆಯಲು ಶುರುವಾಗುತ್ತದೆ. ಮೇಲಿನ ಸಣ್ಣ ರಂಧ್ರಗಳು ಮುಚ್ಚಿಕೊಂಡವು ಅಂತ ಅರ್ಥ. ಆಗ ಬಗ್ಗಿಸಿ ತಣ್ಣಗಾಗುವವರೆಗೆ ಹಿಡಿದರೆ ಹಾಗೆಯೇ ನಿಲ್ಲುತ್ತದೆ. ಮೂತಿ ಮುಂದೆ ಬಂತು, ಕೆನ್ನೆ ಉಬ್ಬಿತು. ಇನ್ನೂ ಬಣ್ಣ ಹಚ್ಚಿರಲಿಲ್ಲ, ಆದರೂ ಮೇಜಿನ ಮೇಲೆ ಇಟ್ಟರೆ ಯಾವುದೋ ಪ್ರಾಣಿ ಕೂತಿದೆ ಅನಿಸುತ್ತಿತ್ತು. ನನಗೆ ಹೆಮ್ಮೆಯಾಗಿತ್ತು.

ಮಗಳು ಹಾಕಿಕೊಂಡಳು. ಮಾತು ಶುರು ಮಾಡಿದಳು. ಗುಂಯ್ ಅಂತ ಒಂದು ಸದ್ದು ಬಿಟ್ಟರೆ ಏನೂ ಕೇಳಲಿಲ್ಲ. ಒಂದು ವಾರ ಕಷ್ಟಪಟ್ಟು ಕಲಿತ 'ಕೊಡಿ' ಆ ಮೂತಿಯೊಳಗೇ ಉಳಿದುಹೋಯಿತು. ಎರಡನೇ ನಿಮಿಷಕ್ಕೆ ಕಿತ್ತು ತೆಗೆದಳು. ಕೂದಲು ಹಣೆಗೆ ಅಂಟಿತ್ತು, ಮೂಗಿನ ಕೆಳಗೆ ಬೆವರು. ಅಕ್ಟೋಬರಿನ ಸೆಖೆ ಬೇರೆ. ಇವಿಎ ಫೋಮಿನೊಳಗಿನ ಗುಳ್ಳೆಗಳು ಒಂದೊಂದೂ ಮುಚ್ಚಿದ ಡಬ್ಬಿ ಇದ್ದ ಹಾಗೆ. ನೀರೂ ಹೋಗುವುದಿಲ್ಲ, ಗಾಳಿಯೂ ಹೋಗುವುದಿಲ್ಲ. ಚಪ್ಪಲಿಗೆ ಒಳ್ಳೆಯದು. ಮುಖಕ್ಕೆ ಹಾಗೇ ಕಟ್ಟಿದರೆ ಉಸಿರು ಕಟ್ಟುತ್ತದೆ.

ಅವಳು ದೂರು ಹೇಳಲಿಲ್ಲ. "ಚೆನ್ನಾಗಿದೆ ಅಮ್ಮ, ನಾನು ಅಡ್ಜಸ್ಟ್ ಮಾಡ್ಕೊಳ್ತೀನಿ" ಅಂದಳು. ಅದು ನನ್ನ ಎದೆಗೆ ನಾಟಿತು. ಮಗು ಅಡ್ಜಸ್ಟ್ ಮಾಡಿಕೊಳ್ಳಬೇಕಾದಂಥ ವೇಷ ನಾನು ಮಾಡಿಟ್ಟಿದ್ದೆ.

ಆ ರಾತ್ರಿ ಮಾವನಿಗೆ ಫೋನ್ ಮಾಡಿದೆ. ನನ್ನ ಸೋದರಮಾವ ಕಾರ್ಕಳದ ಹತ್ತಿರ ನಮ್ಮ ಊರಿನಲ್ಲಿದ್ದಾರೆ. ಎಪ್ಪತ್ತು ದಾಟಿದೆ. ಯಕ್ಷಗಾನ ಮೇಳದ ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚಿ ವೇಷ ಕಟ್ಟುವ ಕೋಣೆಯಲ್ಲಿ, ಬಹಳ ವರ್ಷ ವೇಷ ಕಟ್ಟಿದ ಕೈ. ಚಿಕ್ಕವಳಿದ್ದಾಗ ನಾನು ಆಟ ನೋಡಿದ್ದಕ್ಕಿಂತ ಚೌಕಿ ನೋಡಿದ್ದೇ ಜಾಸ್ತಿ. ಬಣ್ಣದ ವೇಷದವರು ಸಂಜೆಯಿಂದಲೇ ಕೂರುತ್ತಿದ್ದರು. ಅಕ್ಕಿಹಿಟ್ಟು, ಸುಣ್ಣ ಕಲಸಿ, ಕಡ್ಡಿಯ ತುದಿಯಿಂದ ಮುಖದ ಮೇಲೆ ಒಂದೊಂದೇ ಚುಕ್ಕಿ ಇಡುತ್ತಾ ಚಿಟ್ಟಿ ಕಟ್ಟುವುದು. ಒಂದರ ಮೇಲೊಂದು ಇಟ್ಟು ಮುಳ್ಳಿನ ಹಾಗೆ ಎಬ್ಬಿಸುವುದು. ಮನುಷ್ಯನ ಮುಖ ಮೆಲ್ಲಗೆ ಎರಡು ಪಟ್ಟು ದೊಡ್ಡದಾಗುತ್ತಿತ್ತು. ನಡುರಾತ್ರಿ ದೇವಿಯ ಆಟದಲ್ಲಿ ಮಹಿಷಾಸುರ ಸಭೆಯ ಹಿಂದಿನಿಂದ ದೊಂದಿ ಬೆಳಕಿನಲ್ಲಿ ಅಬ್ಬರಿಸಿಕೊಂಡು ಬರುವಾಗ ನಾನು ಅಮ್ಮನ ಸೆರಗಿನೊಳಗೆ ಹೋಗುತ್ತಿದ್ದೆ. ಅದೇ ಮನುಷ್ಯ ಸಂಜೆ ಚೌಕಿಯಲ್ಲಿ ನನಗೆ ಬೆಲ್ಲ ಕೊಟ್ಟಿದ್ದು ಮರೆತೇಹೋಗುತ್ತಿತ್ತು.

ವಿಡಿಯೋ ಕಾಲಿನಲ್ಲಿ ತಲೆಯನ್ನು ತಿರುಗಿಸಿ ತಿರುಗಿಸಿ ತೋರಿಸಿದೆ. ಮಾವ ತುಂಬಾ ಹೊತ್ತು ನೋಡಿದರು.

"ಚಂದ ಉಂಟು. ಇದನ್ನು ನೀನು ಹಾಕಿ ನೋಡಿದ್ದೀಯಾ?"

"ನಂಗೆ ಹಿಡಿಸುವುದಿಲ್ಲ ಮಾವ, ಮಗುವಿನ ಅಳತೆ."

"ಹಾಗಾದ್ರೆ ಮಗು ಎಂತ ಹೇಳ್ತು?"

ನಾನು ಹೇಳಿದೆ.

"ನೋಡು ಮಗಾ, ಮಹಿಷನ ಕೋಡು ಎಷ್ಟು ದೊಡ್ಡದು ಬೇಕಾದ್ರೂ ಮಾಡ್ಲಿಕ್ಕೆ ಆಗ್ತದೆ. ಹೊತ್ತವನ ಕುತ್ತಿಗೆ ತಡೀಬೇಕಲ್ಲ? ನಾವು ವೇಷ ಕಟ್ಟುವಾಗ ಮೊದಲು ಕೇಳೋದು ಉಸಿರು ಬರ್ತದಾ ಅಂತ. ಕಟ್ಟಿದ ಮೇಲೆ ಎರಡು ಸಲ ಕೇಳೋದು. ಬಣ್ಣ ಆಮೇಲೆ."

ಊರಿನ ಹುಲಿವೇಷವನ್ನೂ ನೆನಪು ಮಾಡಿದರು. ನವರಾತ್ರಿಗೆ ಮಂಗಳೂರಿನಲ್ಲಿ, ಅಷ್ಟಮಿಗೆ ಉಡುಪಿಯಲ್ಲಿ ಕುಣಿಯುವ ಹುಲಿಗಳಿಗೆ ಮುಖ ಮುಚ್ಚುವ ಮುಖವಾಡ ಇಲ್ಲ. ಹುಲಿಯ ತಲೆ ತಲೆಯ ಮೇಲೆ ಕೂರುತ್ತದೆ, ಮುಖಕ್ಕೆ ಬಣ್ಣ. ತಾಸೆ ವಾದ್ಯದ ಬಡಿತಕ್ಕೆ ಗಂಟೆಗಟ್ಟಲೆ ಕುಣಿದು, ಅಕ್ಕಿಮುಡಿಯನ್ನು ಹಲ್ಲಿನಿಂದ ಎತ್ತಿ ಎಸೆಯುವವರು ಮೂಗು ಬಾಯಿ ಮುಚ್ಚಿಕೊಂಡು ಹೇಗೆ ತಾನೆ ಕುಣಿದಾರು? ಎಷ್ಟು ಸಲ ನೋಡಿದ್ದೆ, ಆದರೆ ಹೀಗೆ ಯೋಚನೆ ಮಾಡಿರಲಿಲ್ಲ.

ಎರಡನೇ ತಲೆ ಹೊಸದಾಗಿ ಶುರು ಮಾಡಿದೆ. ಈ ಸಲ ಚಿರತೆಯ ಚಿತ್ರ ಎದುರಿಗೆ ಇಟ್ಟುಕೊಳ್ಳಲಿಲ್ಲ, ಮಗಳನ್ನು ಕೂರಿಸಿಕೊಂಡೆ. ಅವಳ ಕಣ್ಣಿನ ಕರಿಗುಡ್ಡೆಗಳ ನಡುವೆ ಐದೂವರೆ ಸೆಂ.ಮೀ. ಮೊದಲು ಕಣ್ಣಿನ ತೂತು ಅಲ್ಲಿ. ಚಿರತೆಯ ಮುಖ ಅದರ ಸುತ್ತ ಬೆಳೆಯಬೇಕು. ಮೂತಿ ಅವಳ ಮೂಗಿನ ಮೇಲೆ ಸೂರಿನ ಹಾಗೆ ಮುಂದೆ ಬಂದು ಮೇಲ್ದುಟಿಯ ಮೇಲೆ ನಿಲ್ಲಬೇಕು. ಕೆಳದವಡೆ ಬೇಡವೇ ಬೇಡ. ಅವಳ ಬಾಯಿಯೇ ಚಿರತೆಯ ಬಾಯಿ. ಮೂತಿಯ ಒಳಗೆಲ್ಲ ಟೊಳ್ಳು, ಕೆಳಗೆ ಪೂರ್ತಿ ತೆರೆದದ್ದು. ಮೂಗಿನ ಹೊಳ್ಳೆಗಳನ್ನು ನಿಜವಾಗಿಯೂ ಕೊರೆದೆ. ಕಿವಿಯ ಹಿಂದೆ, ಯಾರಿಗೂ ಕಾಣದ ಕಡೆ, ಎರಡೆರಡು ತೂತು. ಬೆಚ್ಚಗಿನ ಗಾಳಿ ಮೇಲಕ್ಕೆ ಹೋಗುತ್ತದಲ್ಲ, ಅದಕ್ಕೊಂದು ದಾರಿ.

ಇನ್ನೊಂದು ತೊಂದರೆ ರಿಹರ್ಸಲ್ಲಿನಲ್ಲಿ ಗೊತ್ತಾಯಿತು. ನಾಟಕ ನಡೆಯುವ ನಮ್ಮ ಹಾಲ್‌ನ ವೇದಿಕೆಗೆ ಮೂರು ಮೆಟ್ಟಿಲು. ಮೂತಿ ಅಡ್ಡ ಬಂದು ಅವಳಿಗೆ ತನ್ನ ಕಾಲು ಕಾಣುತ್ತಿರಲಿಲ್ಲ. ಎಡವಿದಳು. ಮನೆಗೆ ಬಂದು ಮೂತಿಯನ್ನು ಎರಡು ಸೆಂ.ಮೀ. ಗಿಡ್ಡ ಮಾಡಿದೆ, ಕಣ್ಣಿನ ತೂತಿನ ಕೆಳ ಅಂಚನ್ನು ಕೆತ್ತಿ ಅಗಲ ಮಾಡಿದೆ. ಮೊದಲು ಚಿರತೆ ಸ್ವಲ್ಪ ಸೊರಗಿದಂತೆ ಕಂಡಿತು. ಆಮೇಲೆ ಹುಬ್ಬಿನ ಮೇಲೆ 2 ಮಿ.ಮೀ. ಫೋಮಿನ ಎರಡು ಪದರ ಏರಿಸಿದೆ. ವೇದಿಕೆಯ ಬೆಳಕು ಮೇಲಿನಿಂದ ಬೀಳುತ್ತದೆ. ಉಬ್ಬಿದ ಕಡೆ ನೆರಳು ಹುಟ್ಟಿ, ನೋಟಕ್ಕೆ ಆಳ ಬರುತ್ತದೆ. ಇದು ಚಿಟ್ಟಿಯ ಪಾಠ. ಬಣ್ಣದಿಂದ ಬರೆದ ಹುಬ್ಬು ಮೂರನೇ ಸಾಲಿಗೆ ಕಾಣುವುದಿಲ್ಲ. ಎಬ್ಬಿಸಿದ ಹುಬ್ಬು ಕೊನೇ ಸಾಲಿಗೂ ಕಾಣುತ್ತದೆ.

ಕಿವಿಯನ್ನು ಸರಿ ಮಾಡಿಸಿದವರು ನಮ್ಮ ಗೇಟಿನ ಮಾವಶಿ (ಮರಾಠಿಯಲ್ಲಿ ಚಿಕ್ಕಮ್ಮ). ಆರೆಯ ಒಂದು ಪಾಡಾದಿಂದ, ಅಂದರೆ ಆದಿವಾಸಿಗಳ ಹಾಡಿಯಿಂದ, ಬಂದು ಅವರು ಸೊಪ್ಪು ಮಾರುತ್ತಾರೆ. ವಾರ್ಲಿ ಜನ. 1949ರಲ್ಲಿ ಆರೆ ಕಾಲೊನಿ ಹಾಲಿನ ಡೈರಿಗಾಗಿ ಶುರುವಾಗುವುದಕ್ಕೂ ಎಷ್ಟೋ ಮೊದಲಿಂದ ಆ ಕಾಡಿನಲ್ಲಿ ಇರುವವರು. ರಿಹರ್ಸಲ್ಲಿಗೆ ಹೊರಟಾಗ ಮಗಳ ಕೈಯಲ್ಲಿದ್ದ ತಲೆಯನ್ನು ನೋಡಿ ಕೇಳಿದರು, ಇದೇನು? ಬಿಬಟ್ಯಾ, ಚಿರತೆ, ಅಂದಳು ಮಗಳು. ಮಾವಶಿ ಅದನ್ನು ಕೈಗೆ ತಗೊಂಡು, "ಹೇ ತರ್ ಮಾಂಜರ್ ಆಹೇ" ಅಂದರು. ಇದು ಬೆಕ್ಕು!

ನಾನು ಕಿವಿಯನ್ನು ಎತ್ತರಕ್ಕೆ, ಮೊನಚಾಗಿ ಮಾಡಿದ್ದೆ. ನಮ್ಮ ಮನೆಯ ಬೆಕ್ಕಿನ ಹಾಗೆ. ಮಾವಶಿ ಎರಡೂ ಹೆಬ್ಬೆರಳನ್ನು ಬಾಗಿಸಿ ತೋರಿಸಿದರು. ಸಣ್ಣದು, ದುಂಡಗೆ, ಪಕ್ಕಕ್ಕೆ. ತಲೆ ದೊಡ್ಡದು, ಕಿವಿ ಸಣ್ಣದು. ಅವರು ಎಷ್ಟೋ ಸಲ ನೋಡಿದ್ದಾರಂತೆ. ತಬೇಲಾದ, ಅಂದರೆ ದನದ ಕೊಟ್ಟಿಗೆಯ, ಹಿಂದಿನ ಗೋಡೆಯ ಮೇಲೆ, ಕತ್ತಲಾಗುವ ಹೊತ್ತಿಗೆ. ನಾಯಿಯನ್ನು ಹುಡುಕಿಕೊಂಡು ಬರುತ್ತದೆ, ಸಿಕ್ಕರೆ ತಗೊಂಡು ಹೋಗುತ್ತದೆ, ಇಲ್ಲದಿದ್ದರೆ ಹಾಗೇ ಹೋಗುತ್ತದೆ. ಅವರ ಜನಕ್ಕೆ ಹುಲಿಯೂ ಚಿರತೆಯೂ ಸೇರಿ ವಾಘೋಬಾ. ಅದಕ್ಕೆ ಗುಡಿ ಇದೆ, ಪೂಜೆ ಇದೆ. ನಾನು ನಮ್ಮ ಕಡೆಯ ಪಿಲಿಚಾಮುಂಡಿ ದೈವದ ಬಗ್ಗೆ ಹೇಳಿದೆ. ಪಿಲಿ ಅಂದರೆ ತುಳುವಿನಲ್ಲಿ ಹುಲಿ. ಅವರು ತಲೆಯಾಡಿಸಿದರು, ಇದು ಎಲ್ಲ ಕಡೆಯೂ ಇರುವುದೇ ಅನ್ನುವ ಹಾಗೆ. ಮಾವಶಿಯ ತವರು ಮೋಖಾಡಾದ ಹತ್ತಿರ. ಅಲ್ಲಿ ಬೊಹಾಡಾ ಹಬ್ಬಕ್ಕೆ ಮುಖವಾಡ ಕಟ್ಟಿಕೊಂಡು ರಾತ್ರಿ ಕುಣಿಯುತ್ತಾರೆ. ಅದಕ್ಕೇ ಇರಬೇಕು, ತಲೆಯನ್ನು ಅವರು ಹಿಡಿದುಕೊಂಡ ರೀತಿಯೇ ಬೇರೆ ಇತ್ತು. ಮುಂದೆ ನೋಡುವ ಮೊದಲು ಒಳಗೆ ನೋಡಿದರು.

ನನಗೊಂದು ಅಳುಕಿತ್ತು. ನಮ್ಮಲ್ಲಿ ದೈವದ ಮೊಗ, ಅಂದರೆ ಮುಖವಾಡ, ಆಟದ ಸಾಮಾನಲ್ಲ, ಅದಕ್ಕೆ ಅದರದ್ದೇ ಜಾಗ, ಅದರದ್ದೇ ಮಡಿ. ಅವರ ದೇವರ ಮುಖವನ್ನು ಮಕ್ಕಳ ನಾಟಕಕ್ಕೆ ಮಾಡುತ್ತಿದ್ದೇನಲ್ಲ, ಬೇಜಾರಿಲ್ಲ ತಾನೆ ಅಂತ ಕೇಳಿದೆ. ಅವರು ತಿರುಗಿ ಕೇಳಿದರು, "ನಾಟಕದಲ್ಲಿ ಅದಕ್ಕೆ ಕಲ್ಲು ಹೊಡೀತಾರಾ?"

"ಇಲ್ಲ. ತಟ್ಟೆ ಬಡೀತಾರೆ."

"ಹಾಗಾದ್ರೆ ಹೋಗುತ್ತೆ ಬಿಡು, ಅದರ ಪಾಡಿಗೆ." ಇಷ್ಟು ಹೇಳಿ ಮೆಂತ್ಯದ ಕಟ್ಟು ಮಗಳ ಕೈಗೆ ಕೊಟ್ಟರು.

ಅವತ್ತಿನಿಂದ ನಾನು ಚಿರತೆಯ ಫೋಟೋಗಳನ್ನು ಬೇರೆಯೇ ಥರ ನೋಡಲು ಶುರು ಮಾಡಿದೆ. ಹತ್ತು ವರ್ಷದಿಂದ ಇದೇ ಕಾಡಿನ ಅಂಚಿನಲ್ಲಿ ಇದ್ದೇನೆ. ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ ನೂರು ಚದರ ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಅಲ್ಲೂ ಅದರ ಸುತ್ತಮುತ್ತಲೂ ಕ್ಯಾಮೆರಾ ಕಟ್ಟಿ 2018ರಲ್ಲಿ ಎಣಿಸಿದಾಗ 47 ಚಿರತೆಗಳು ಸಿಕ್ಕಿದ್ದವು. ಒಂದನ್ನು ಇನ್ನೊಂದರಿಂದ ಗುರುತಿಸುವುದು ಮೈಮೇಲಿನ ಚುಕ್ಕೆಗಳಿಂದ. ನಮ್ಮ ಬೆರಳಚ್ಚಿನ ಹಾಗೆ ಒಂದರದ್ದು ಇನ್ನೊಂದಕ್ಕಿಲ್ಲ. ಸೊಸೈಟಿಯ ವಾಟ್ಸ್ಯಾಪ್ ಗುಂಪಿನಲ್ಲಿ ಚಿರತೆ ಬಂತು ಅಂತ ಮೆಸೇಜ್ ಬಂದಾಗೆಲ್ಲ ನಾನು ಕಿಟಕಿ ಹಾಕಿದ್ದೇನೆ. ಅದರ ಮುಖ ಹೇಗಿದೆ ಅಂತ ಕೇಳಿದ್ದರೆ ಉತ್ತರ ಇರಲಿಲ್ಲ.

ಚಿರತೆಯ ಮೈಮೇಲೆ ಹೂವಿನ ಹಾಗೆ ಬಳೆ ಬಳೆಯಾಗಿ ಚುಕ್ಕೆಗಳಿರುತ್ತವೆ, ನಡುವೆ ಸ್ವಲ್ಪ ಗಾಢ ಕಂದು. ನಾನು ಮುಖಕ್ಕೂ ಅದನ್ನೇ ಬರೆಯಲು ಹೊರಟಿದ್ದೆ. ಮುಖದ ಮೇಲೆ ಅವು ಇಲ್ಲವೇ ಇಲ್ಲ! ಹಣೆ, ಕೆನ್ನೆ, ಕುತ್ತಿಗೆಯಲ್ಲಿ ಬರೀ ತುಂಬಿದ ಕಪ್ಪು ಚುಕ್ಕೆಗಳು. ಹಣೆಯ ಮೇಲೆ ಸಣ್ಣ, ಒತ್ತೊತ್ತು. ಮೀಸೆ ಹುಟ್ಟುವಲ್ಲಿ ಸಾಲು ಸಾಲು. ಕಣ್ಣಿನ ಕೆಳಗೆ ತಿಳಿ ಬಣ್ಣ, ಗಲ್ಲ ಬಿಳಿ. ಕಣ್ಣಿನಿಂದ ಬಾಯಿವರೆಗೆ ಕಣ್ಣೀರಿನ ಹಾಗೆ ಕಪ್ಪು ಗೆರೆ ಎಳೆದರೆ ಅದು ಚೀತಾ ಆಗಿಬಿಡುತ್ತದೆ.

ಬಣ್ಣಕ್ಕೆ ಮೊದಲು ಫೆವಿಕಾಲಿಗೆ ನೀರು ಬೆರೆಸಿ ಮೂರು ಕೈ ಹಚ್ಚಿದೆ. ಹಾಗೆ ಮಾಡದಿದ್ದರೆ ಫೋಮ್ ಬಣ್ಣ ಕುಡಿಯುತ್ತಲೇ ಇರುತ್ತದೆ. ಮುಂಬೈಯ ತೇವಕ್ಕೆ ಒಂದೊಂದು ಕೈ ಒಣಗಲು ಅರ್ಧ ದಿನ. ಮೇಲೆ ಅಕ್ರಿಲಿಕ್ ಬಣ್ಣ, ತೆಳ್ಳಗೆ. ದಪ್ಪ ಹಚ್ಚಿದರೆ ಬಾಗುವ ಕಡೆ ಬಿರುಕು ಬಿಡುತ್ತದೆ. ಪಾತ್ರೆ ತೊಳೆಯುವ ಸ್ಪಂಜಿನ ತುಂಡಿನಿಂದ ಹಳದಿ, ಕಂದು, ಬಿಳಿ ಮೆಲ್ಲಗೆ ತಟ್ಟಿ ಒಂದರೊಳಗೊಂದು ಕರಗಿಸಿದೆ. ಚುಕ್ಕೆ ಇಡುವುದನ್ನು ಮಗಳಿಗೆ ಬಿಟ್ಟೆ. ಅವಳು ಕಡ್ಡಿಯ ತುದಿಯನ್ನು ಕಪ್ಪಿನಲ್ಲಿ ಅದ್ದಿ, ನಾಲಿಗೆ ಕಚ್ಚಿಕೊಂಡು, ಒಂದೊಂದೇ ಇಟ್ಟಳು. ಎರಡು ತಾಸು. ನಾನು ಪಕ್ಕದಲ್ಲಿ ಕೂತು ನೋಡಿದೆ. ಅಕ್ಕಿಹಿಟ್ಟು, ಸುಣ್ಣದ ವಾಸನೆ ಎಲ್ಲಿಂದಲೋ ಬಂದ ಹಾಗಾಯಿತು.

"ಕಿವಿಯ ಹಿಂದೆ ಯಾಕೆ ಬಣ್ಣ? ಯಾರೂ ನೋಡಲ್ಲ" ಅಂದಳು. ಚಿರತೆಯ ಕಿವಿಯ ಹಿಂಭಾಗ ಕಪ್ಪು, ನಡುವೆ ಬಿಳಿ ಚುಕ್ಕೆ. ಹುಲಿಗೂ ಹಾಗೇ. ಹಿಂದಿನಿಂದ ನೋಡುವವರಿಗೆ ಕಣ್ಣು ಬಿಟ್ಟುಕೊಂಡ ಹಾಗೆ ಕಾಣುತ್ತದೆ. 1980ರ ದಶಕದಲ್ಲಿ ಸುಂದರಬನದಲ್ಲಿ ಕಾಡಿಗೆ ಹೋಗುವವರು ತಲೆಯ ಹಿಂದೆ ಮನುಷ್ಯನ ಮುಖವಾಡ ಕಟ್ಟಿಕೊಳ್ಳುತ್ತಿದ್ದರು, ಹುಲಿ ಹಿಂದಿನಿಂದ ಎರಗುತ್ತದೆ ಅಂತ. ಇದನ್ನು ಹೇಳಿದ ಮೇಲೆ ಅವಳು ಕಿವಿಯ ಹಿಂದಿನ ಚುಕ್ಕೆಯನ್ನು ಮೂರು ಸಲ ತಿದ್ದಿದಳು.

ಮೀಸೆಗೆ ಗಾಳದ ನೈಲಾನ್ ದಾರ. ಜೊತೆಯ ಮಕ್ಕಳ ಕಣ್ಣಿಗೆ ತಾಗದ ಹಾಗೆ ಗಿಡ್ಡವಾಗಿ ಕತ್ತರಿಸಿದೆ. ಹಿಂದೆ ಅಗಲ ಇಲಾಸ್ಟಿಕ್. ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟರೆ ಎಲ್ಲ ಸೇರಿ 190 ಗ್ರಾಂ.

ನಾಟಕದ ಸಂಜೆ ನಾನು ಮೂರನೇ ಸಾಲಿನಲ್ಲಿ ಕೂತು ಮಾವನಿಗೆ ವಿಡಿಯೋ ಕಾಲ್ ಹಚ್ಚಿದೆ. ದೀಪ ಆರಿತು. ತಟ್ಟೆಗಳ ಸದ್ದು ಎದ್ದಿತು. ಸೈಡ್ ವಿಂಗಿನಿಂದ ಮೊದಲು ಮೂತಿ ಕಂಡಿತು, ಆಮೇಲೆ ಹುಬ್ಬಿನ ನೆರಳು. ಮುಂದಿನ ಸಾಲಿನಲ್ಲಿದ್ದ ಒಂದು ಪುಟ್ಟ ಮಗು ಅಮ್ಮನ ಕಡೆ ಸರಿಯಿತು. ಮಗಳು ಮೆಟ್ಟಿಲು ಇಳಿದಳು. ಒಂದು, ಎರಡು, ಮೂರು. ಎಡವಲಿಲ್ಲ. ತಟ್ಟೆಗಳು ನಿಂತವು. ಅವಳು ಒಂದು ಕ್ಷಣ ಸುಮ್ನೆ ನಿಂತು, ಉಸಿರು ಎಳೆದುಕೊಂಡಳು. ಅವಳ ಭುಜ ಏರಿದ್ದು ನನಗೆ ಕಾಣಿಸಿತು. ಆಮೇಲೆ ಮಾತು. 'ಒಂದು ಗುಟುಕು ನೀರು ಕೊಡಿ.' ಹಾಲಿನ ಕೊನೆಯ ಕುರ್ಚಿಗೂ ಆ ಒ ಕೇಳಿಸಿತು.

ಮುಗಿದ ಮೇಲೆ ಚೌಕಿಯಲ್ಲಿ (ಹಾಲಿನ ಹಿಂದಿನ ಸಣ್ಣ ಕೋಣೆಗೆ ನಾನು ಹಾಗೇ ಹೇಳುವುದು) ಫೋನನ್ನು ಮಗಳ ಕೈಗೆ ಕೊಟ್ಟೆ. ತಲೆಯನ್ನು ಹಣೆಯ ಮೇಲೆ ಏರಿಸಿಕೊಂಡು ನಿಂತಿದ್ದಳು. ಬಣ್ಣದ ಬಗ್ಗೆ, ಚುಕ್ಕೆಗಳ ಬಗ್ಗೆ ಮಾವ ಒಂದು ಮಾತೂ ಆಡಲಿಲ್ಲ.

"ಉಸಿರು ಬಂತಾ ಮಗಾ?"

"ಬಂತು ಅಜ್ಜ."

"ಸರಿಯಾಗಿ ಬಂತಾ?"

"ಸರಿಯಾಗಿ ಬಂತು. ಆದ್ರೆ ಇಲ್ಲಿ ಸ್ವಲ್ಪ ನೋಯ್ತು" ಅಂತ ಹಣೆ ತೋರಿಸಿದಳು. ಫೋಮಿನ ಅಂಚು ಒತ್ತಿ ಅಡ್ಡಕ್ಕೆ ಒಂದು ಕೆಂಪು ಗೆರೆ ಬಿದ್ದಿತ್ತು. ಫೋನಿನಲ್ಲಿ ಮಾವ ನನ್ನನ್ನು ಕರೆದರು. ಮನೆಗೆ ಬಂದು ಊಟಕ್ಕೂ ಮೊದಲು ಉಳಿದಿದ್ದ 2 ಮಿ.ಮೀ. ಹಾಳೆ ತೆಗೆದೆ. ಬೆರಳಗಲದ ಪಟ್ಟಿ ಕತ್ತರಿಸಿ, ಹಳೆ ಕಾಟನ್ ಸೀರೆಯ ತುಂಡು ಸುತ್ತಿದೆ. ಮುಂದಿನ ತಿಂಗಳು ಬೊರಿವಲಿಯಲ್ಲಿ ಇನ್ನೊಂದು ಪ್ರದರ್ಶನ ಇದೆ.